ಗಜನಿಯಲ್ಲಿ ಹೊಡೆದ ಎಂಟು ಗೂಟ

ನಮ್ಮ ಕಡೆ ನೆಲಕ್ಕೆ ಒಂದು ಗೂಟ ಹೊಡೆದರೆ ಮೂರು ಮನೆಯವರಿಗೆ ಊಟ ಸೇರುವುದಿಲ್ಲ. ಹೆದ್ದಾರಿ ಅಗಲ ಮಾಡುತ್ತೇವೆಂದು ಬಂದವರು ಮೊದಲು ಹೊಡೆದದ್ದು ಗೂಟ. ಗೂಟದ ಹಿಂದೆ ಟೇಪು ಬಂತು, ಟೇಪಿನ ಹಿಂದೆ ನೋಟೀಸು ಬಂತು, ನೋಟೀಸಿನ ಹಿಂದೆ ಜೆಸಿಬಿ ಬಂತು. ಹಾಗಾಗಿ ಕುಮಟೆ ಕಡೆಯ ಕಾಗಾಲದ ಪಕ್ಕದ ನಮ್ಮ ಹಿತ್ಲಕೇರಿಯಲ್ಲಿ ತೊಟ್ಟಿಲ ಕೂಸಿಗೂ ಗೂಟ ಕಂಡರೆ ಅಳಬೇಕೆಂದು ಗೊತ್ತು. ಇದನ್ನೆಲ್ಲ ಕಣ್ಣಾರೆ ಕಂಡ ನಾನೇ ಹೋದ ಜನವರಿಯ ಒಂದು ಬೆಳಿಗ್ಗೆ ಒಂದಲ್ಲ, ಎರಡಲ್ಲ, ಎಂಟು ಗೂಟ ಹೊಡೆದೆ. ಸಾಲದ್ದಕ್ಕೆ ಪ್ರತಿ ಗೂಟದ ತಲೆಗೆ ಪೇಂಟ್ ಡಬ್ಬಿಯ ಬಿಳಿ ಮುಚ್ಚಳ ಕಟ್ಟಿ, ಅದರ ಮೇಲೆ ಕೆಂಪು ಬಣ್ಣದಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರ ಬರೆದೆ. ಮಳ್ಳ ಅಂದರೆ ನಾನೇ, ಒಪ್ಪಿದೆ. ಆದರೆ ನನಗಿಂತ ದೊಡ್ಡ ಮಳ್ಳರಿದ್ದಾರೆ, ಅವರಲ್ಲಿ ಕೆಲವರಿಗೆ ತಿಂಗಳ ಸಂಬಳವೂ ಬರುತ್ತದೆ. ಅದನ್ನು ಹೇಳದೆ ನನ್ನ ಹೊಟ್ಟೆಯುರಿ ತಣಿಯುವುದಿಲ್ಲ.

ಗೂಟ ಹೊಡೆದದ್ದು ಕುದುರೆಗಾಗಿ. ಕಟ್ಟಲಿಕ್ಕಲ್ಲ, ನಡೆಸಲಿಕ್ಕೆ.

ಕುದುರೆಯ ಹೆಸರು ಗುಲಾಬಿ. ನಾಲ್ಕು ವರ್ಷದ ಕಂದು ಹೆಣ್ಣು. ಮುರ್ಡೇಶ್ವರದ ಕಡಲದಂಡೆಯಲ್ಲಿ ಪ್ರವಾಸಿಗರನ್ನು ಕೂರಿಸಿ ನಡೆಸುವ ಯಜಮಾನನ ಹತ್ತಿರ ನಾನು ಎರಡು ವರ್ಷ ಕೆಲಸ ಮಾಡಿದೆ. ಅವನು ದಂಧೆ ಬಿಟ್ಟು ಗೋವೆಗೆ ಹೋಗುವಾಗ ಪಳಗಿದ ಕುದುರೆಗಳನ್ನೆಲ್ಲ ಮಾರಿದ. ಗುಲಾಬಿಯನ್ನು ಯಾರೂ ಕೇಳಲಿಲ್ಲ. ಅವಳಿಗೆ ಅನುಭವ ಸಾಲದು ಎಂದರು. ಎಡಕ್ಕೆ ತಿರುಗು ಎಂದರೆ ತಿರುಗುತ್ತಾಳೆ, ಬಲಕ್ಕೆ ಎಂದರೆ ಯೋಚನೆ ಮಾಡುತ್ತಾಳೆ. ಕುಕ್ಕರ್ ಸೀಟಿ ಹೊಡೆದರೆ ಮೈಯೆಲ್ಲ ನಡುಗುತ್ತಾಳೆ. "ನೀನೇ ಇಟ್ಕೋ, ಎರಡೂ ಒಂದೇ ಜಾತಿ" ಎಂದು ಹೇಳಿ ಯಜಮಾನ ಹೋದ.

ಅಪ್ಪ ನಾರಾಯಣನಿಗೆ ಇದು ಸರಿಬರಲಿಲ್ಲ. "ಹಾಲಿಲ್ಲ, ಗೊಬ್ಬರಕ್ಕೂ ಅಷ್ಟಕ್ಕಷ್ಟೆ. ಹೂಡಲಿಕ್ಕೆ ಬತ್ತದೇನಾ? ಅದೂ ಇಲ್ಲ. ನಿನ್ನ ಹಾಂಗೇ ಆತು" ಎಂದ. ನಾನು ಎಂಟನೇ ಇಯತ್ತೆಗೆ ಶಾಲೆ ಬಿಟ್ಟದ್ದನ್ನು ಅಪ್ಪ ಹೀಗೆ ದನ, ಕುದುರೆ, ಹವಾಮಾನ ಯಾವುದರ ಮಾತು ಬಂದರೂ ಒಳಗೆ ತರುತ್ತಾನೆ. ಹುಬ್ಬಳ್ಳಿಯ ಒಬ್ಬ ಮದುವೆ ಬ್ಯಾಂಡಿನವನಿಗೆ ಫೋನು ಮಾಡಿ ಮಾತೂ ಕೊಟ್ಟುಬಿಟ್ಟ. ಕುಕ್ಕರಿಗೆ ನಡುಗುವ ಕುದುರೆಯನ್ನು ಹತ್ತು ತುತ್ತೂರಿ, ನಾಲ್ಕು ಡೋಲು, ಸಾಲು ಪಟಾಕಿಯ ನಡುವೆ ವರ್ಷವಿಡೀ ನಿಲ್ಲಿಸುವುದು! ಅವಳು ಆರು ತಿಂಗಳು ಬದುಕುವುದೂ ಸಂಶಯ.

ಆಗ ಭಟ್ಕಳದ ಆಚೆ ಹೊಸದಾಗಿ ತೆರೆದ ಸವಾರಿ ಕ್ಲಬ್ಬಿನ ಸುದ್ದಿ ಬಂತು. ಯಜಮಾನರು ದುಬೈಯಲ್ಲಿ, ಉಸ್ತುವಾರಿ ಮೈಸೂರಿನ ಅನೂಪ ಸರ್ ಅವರದು. ಹವ್ಯಾಸಿಗಳಿಗೆ ಡ್ರೆಸಾಜ್ ಎಂಬ ಸ್ಪರ್ಧೆ ಇಟ್ಟಿದ್ದರು. ಅನೂಪ ಸರ್ ನನಗೆ ಒಂದು ಜೆರಾಕ್ಸ್ ಹಾಳೆ ಕೊಟ್ಟು ಹೇಳಿದರು: "ಇದು ಓಡಿಸಿ ಗೆಲ್ಲೋ ಆಟ ಅಲ್ಲಪ್ಪ. ಓಡದ ಹಾಗೆ ನೋಡ್ಕೊಂಡು ಗೆಲ್ಲೋದು. ನಲವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಅಂಗಳ. ಸುತ್ತ ಎಂಟು ಅಕ್ಷರ. ಹೇಳಿದ ಅಕ್ಷರದಿಂದ ಹೇಳಿದ ಅಕ್ಷರಕ್ಕೆ, ಹೇಳಿದ ನಡಿಗೆಯಲ್ಲಿ ಹೋಗಬೇಕು. ನೂರಕ್ಕೆ ಐವತ್ತು ಅಂಕ ತಗೊಂಡ್ರೆ ಕುದುರೆಗೆ ನಮ್ಮ ಲಾಯದಲ್ಲಿ ಜಾಗ, ಸವಾರನಿಗೆ ಕೆಲಸ."

ಕುದುರೆಗೆ ಜಾಗ, ನನಗೆ ಕೆಲಸ. ಅಪ್ಪನ ಕಾಲಿಗೆ ಬಿದ್ದೆ. "ಸ್ಪರ್ಧೆ ಮುಗಿಯೂವರೆಗೆ ತಡೀತೆ. ಮಾರನೇ ದಿನ ಬ್ಯಾಂಡಿನವ ಬತ್ತ" ಎಂದ.

ಗಜನಿ ಎಂದರೆ ಹಿನ್ನೀರಿನ ಉಪ್ಪು ಹತ್ತುವ ನಮ್ಮ ಗದ್ದೆಬಯಲು. ಕೊಯ್ಲಾದ ಮೇಲೆ ಅದು ಯಾರದೂ ಅಲ್ಲ, ಎಲ್ಲರದೂ ಹೌದು. ಯಾರ ದನ ಯಾರ ಗದ್ದೆಯಲ್ಲಿ ಮೇಯ್ದರೂ ಕೇಳುವವರಿಲ್ಲ. ಅದೇ ಧೈರ್ಯದಲ್ಲಿ ನಾನು ಗಾರೆ ಕೆಲಸದವರ ಟೇಪು ತಂದು, ನಾಲ್ಕು ಜನರ ಗದ್ದೆ ಸೇರಿಸಿ ಅಳೆದು ಗೂಟ ಹೊಡೆದೆ. ಅಕ್ಷರಗಳ ಕ್ರಮ ಕೇಳಿ: ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್. ಎಬಿಸಿಡಿ ಕಲಿಯಲಿಕ್ಕೆ ಮಾಸ್ತರರಿಂದ ಬೆತ್ತದ ಏಟು ತಿಂದವನು ನಾನು. ಅದೆಲ್ಲ ತಪ್ಪು, ನಿಜವಾದ ಕ್ರಮ ಇದು ಎಂದು ಕುದುರೆಯ ಹಾಳೆ ಹೇಳಿದರೆ ಆ ಏಟಿಗೆ ಯಾರನ್ನು ಕೇಳಬೇಕು?

ಸ್ಪರ್ಧೆಗೆ ತೊಡುವುದನ್ನೇ ತೊಟ್ಟು ರೂಢಿ ಮಾಡಬೇಕೆಂದು ಅನೂಪ ಸರ್ ಹೇಳಿದ್ದರು. ಬಿಳಿ ಪ್ಯಾಂಟು, ಅಕ್ಕನ ಮದುವೆಗೆ ಹೊಲಿಸಿದ ಕರಿ ಕೋಟು, ತಲೆಗೆ ಬೈಕಿನ ಹೆಲ್ಮೆಟ್ಟು ಹಾಕಿಕೊಂಡು, ಕೈಯಲ್ಲಿ ಟೇಪು ಹಿಡಿದು ಗಜನಿಯ ನಡುವೆ ನಿಂತಿದ್ದೆ. ಆಗ ಮೀನಿನ ಟೆಂಪೋ ಓಡಿಸುವ ಮಾಬ್ಲಣ್ಣ ಬದುವಿನ ಮೇಲೆ ಬಂದ.

"ಎಂತದಾ ನಿತೇಶಾ ಇದು?"

"ಕುದುರೆಗೆ, ಮಾಬ್ಲಣ್ಣ. ಅಕ್ಷರ ನೋಡಿಕೊಂಡು ನಡೆಸೂದು."

"ಕುದ್ರೆ ಅಕ್ಷರ ಓದ್ತದೆಯಾ?"

"ಅದಲ್ಲ. ನಾನು ಓದೂದು."

"ನೀನಾ!" ಎಂದು ಮಾಬ್ಲಣ್ಣ ನಕ್ಕ. ಆಮೇಲೆ ಒಂದೊಂದೇ ಗೂಟ ಎಣಿಸಿದ. "ಎಂಟು. ನಡೂಗೆ ಎಂತ ಬತ್ತದೆ?"

"ನಡುವೆ ಎಕ್ಸ್."

"ಅದ್ರ ಗೂಟ ಎಲ್ಲದೆ?"

"ಅದಕ್ಕೆ ಗೂಟ ಇಲ್ಲ. ಕಾಣೂದಿಲ್ಲ. ಆದ್ರೆ ಕುದುರೆ ಅಲ್ಲೇ ನಿಲ್ಲಬೇಕು, ಅದೇ ಮುಖ್ಯ."

ಮಾಬ್ಲಣ್ಣನ ನಗೆ ನಿಂತಿತು. ಕಂಡ ಗೂಟ ಎಂಟು, ಕಾಣದ್ದು ಒಂದು, ಕಾಣದ್ದೇ ಮುಖ್ಯ! ಆಯುಷ್ಯದಲ್ಲಿ ಇಷ್ಟೊಂದು ಸರ್ಕಾರಿ ಲಕ್ಷಣದ ಮಾತು ಅವನು ಕೇಳಿರಲಿಲ್ಲ. ಬದು ಇಳಿದು ಕೇರಿಯ ಕಡೆ ಹೊರಟ. ಹತ್ತು ಗಂಟೆಯೊಳಗೆ ಕೇರಿಗೆಲ್ಲ ಸುದ್ದಿ ಮುಟ್ಟಿತು: ಹೊಸ ಯೋಜನೆ ಬಂದದೆ, ಸರ್ವೆ ಕೆಲಸ ನಾರಾಯಣನ ಮಗನಿಗೇ ಸಿಕ್ಕದೆ, ಕುದುರೆ ಅಂಬುದು ಬರೇ ಕಣ್ಕಟ್ಟು.

ಇಲ್ಲಿ ನನ್ನದೊಂದು ತಪ್ಪಿದೆ. ಸಂಜೆ ಚಾದಂಗಡಿಗೆ ಹೋದಾಗ, ನನ್ನನ್ನು ಕಂಡರೆ ಬೆಂಚಿನ ಮೇಲೆ ಕಾಲು ಚಾಚುತ್ತಿದ್ದವರು ಎದ್ದು ಜಾಗ ಕೊಟ್ಟರು. ಕೇಳದೆ ಚಾ ಬಂತು, ಜೊತೆಗೆ ಬನ್ಸೂ ಬಂತು. "ಯಾವ ಇಲಾಖೆ?" ಎಂದು ಒಬ್ಬರು ಮೆಲ್ಲಗೆ ಕೇಳಿದರು. ಹುಟ್ಟಿದ ಮೇಲೆ ಮೊದಲ ಸಲ ನನ್ನನ್ನು ಯಾರೋ ಇಲಾಖೆ ಕೇಳಿದ್ದು. ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಬನ್ಸು ಚಾದಲ್ಲಿ ಅದ್ದಿ ತಿಂದೆ. ಅಷ್ಟೇ ನಾನು ಮಾಡಿದ್ದು. ಆ ಒಂದು ಬನ್ಸಿಗೆ ಆಮೇಲೆ ತೆತ್ತದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮಾರನೇ ಬೆಳಿಗ್ಗೆ ಗುಲಾಬಿಯನ್ನು ಬಿ ಗೂಟದ ಹತ್ತಿರ ಸುತ್ತು ಹೊಡೆಸಿದೆ. ಇಬ್ಬರೂ ಹೋಗಿ ಮಾಬ್ಲಣ್ಣನ ಜವುಗಿನಲ್ಲಿ ಮೊಣಕಾಲ ತನಕ ಹೂತುಕೊಂಡೆವು. ಗೂಟ ಹದಿನೈದು ಹೆಜ್ಜೆ ಆಚೆ ಹೋಗಿತ್ತು. ಅಲ್ಲಿ ಏಡಿ ಬಿಟ್ಟರೆ ಮತ್ತೇನೂ ಬೆಳೆಯುವುದಿಲ್ಲ. ಅಂಥ ಜಾಗ ಯೋಜನೆಯೊಳಗೆ ಬಿದ್ದರೆ ಪರಿಹಾರ ಬರುತ್ತದೆಂದು ಮಾಬ್ಲಣ್ಣ ಗೂಟವನ್ನು ಕಿತ್ತು ತನ್ನ ಜವುಗಿಗೆ ಹೊಡೆದಿದ್ದ. ಈ ಕಡೆ ಎಂ ಗೂಟ ಒಳಗೆ ಬಂದಿತ್ತು. ಅದು ಹೊನ್ನಮ್ಮಜ್ಜಿಯ ಕೆಲಸ. ಅವಳ ಮನೆ ಗಜನಿಯ ಅಂಚಿಗೇ ಇದೆ. ಹೆದ್ದಾರಿಗೆ ಒಂದು ಮನೆ ಕೊಟ್ಟು ಇಲ್ಲಿ ಬಂದು ಕಟ್ಟಿಕೊಂಡವಳು.

ನಾನು ಟೇಪು ಹಿಡಿದು ಮತ್ತೆ ಅಳೆದು ಗೂಟಗಳನ್ನು ಅವುಗಳ ಜಾಗದಲ್ಲೇ ಹೊಡೆದೆ. ಅವರಿಗೆ ಅದು ಎರಡನೇ ಸರ್ವೆ. ಬೆಳಗಾಗುವುದರೊಳಗೆ ಗೂಟಗಳು ಮತ್ತೆ ಎದ್ದು ನಡೆದವು. ಹೀಗೇ ಹನ್ನೆರಡು ದಿನ. ಗುಲಾಬಿಗೆ ದಿನಕ್ಕೊಂದು ಆಕಾರದ ಅಂಗಳ. ಒಂದು ದಿನ ಮೊಟ್ಟೆ, ಒಂದು ದಿನ ಚಪ್ಪಲಿ, ಒಂದು ದಿನ ಹಲಸಿನ ಕಾಯಿ. ದುಂಡಗೆ ಸುತ್ತುವುದು ಎಂದರೆ ಏನೆಂದು ಆ ಪಾಪದ ಪ್ರಾಣಿಗೆ ಯಾರೂ ತೋರಿಸಲೇ ಇಲ್ಲ.

ಅವಳು ಸರಿಯಾಗಿ ಕಲಿತದ್ದು ಒಂದೇ. ನಾನು ಎಕ್ಸಿನಲ್ಲಿ ನಿಲ್ಲಿಸಿದ ಕೂಡಲೆ ಕೇರಿಯವರು ಬಂದು ಸುತ್ತ ನಿಲ್ಲುತ್ತಿದ್ದರು. ನಾನು ಕುದುರೆಯ ಮೇಲೆ, ಅವರು ಕೆಳಗೆ.

"ತಮಾ, ನನ್ನ ಬಾವಿ ಒಳಗೋ ಹೊರಗೋ? ಅಷ್ಟು ಹೇಳು ಸಾಕು" ಎಂದು ಹೊನ್ನಮ್ಮಜ್ಜಿ ಗುಲಾಬಿಯ ಕುತ್ತಿಗೆ ಹಿಡಿದುಕೊಂಡೇ ಅಳುತ್ತಿದ್ದಳು.

"ಅಜ್ಜೀ, ಇದು ಕುದುರೆ ಆಟ."

"ಹಾಂಗೇ ಹೇಳು ಅಂತ ಮೇಲಿನವ್ರು ಹೇಳಿದ್ರಾ? ಹೆದ್ದಾರಿಯವ್ರೂ ಮೊದ್ಲು ಮರ ಎಣಿಸೂಕೆ ಬಂದದ್ದು ಅಂದಿದ್ರು."

"ನಿನ್ನ ಅಪ್ಪನ ಗದ್ದೆ ಮಾತ್ರ ಎಂತಕ್ಕೆ ಹೊರಗೆ ಇಟ್ಕಂಡೆ, ಬೇವರ್ಸಿ?" ಎಂದು ಹಿಂದಿನಿಂದ ಯಾರೋ ಕೂಗುತ್ತಿದ್ದರು. ಗುಲಾಬಿ ಮೊದಲ ದಿನ ಹೆದರಿದಳು, ಎರಡನೇ ದಿನ ಬೆದರಿದಳು, ವಾರ ಕಳೆಯುವುದರಲ್ಲಿ ಜಗಳದ ನಡುವೆ ಕಣ್ಣು ಅರೆಮುಚ್ಚಿ ನಿಲ್ಲತೊಡಗಿದಳು. ನಮ್ಮೂರಿನ ಜಗಳವೂ ಒಂದು ವಿದ್ಯೆ ಕಲಿಸುತ್ತದೆಂದು ನಾನು ಆಗ ತಿಳಿದೆ.

ಕೇರಿಯವರು ಮೂವತ್ತೆರಡು ಸಹಿ ಹಾಕಿ ಅರ್ಜಿ ಕೊಟ್ಟರು. ಗ್ರಾಮ ಆಡಳಿತಾಧಿಕಾರಿ ವಿನೋದ ಬಂದರು. ಊರಿಗೆ ಅವರು ಇನ್ನೂ ಶಾನಭೋಗರೇ. ಗೂಟ ಕಂಡರು, ಅಕ್ಷರ ಓದಿದರು, ಗಂಭೀರವಾದರು. ಯಾವ ಯೋಜನೆಯೆಂದು ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಮೂವತ್ತೆರಡು ಸಹಿಯ ಎದುರು ಹೇಳುವ ಹಾಗಿಲ್ಲ. ಫೋನು ಮಾಡಿದರು. ಒಂದು ಇಲಾಖೆ "ನಮ್ಮದಲ್ಲ, ಅವರದಿರಬೇಕು" ಎಂದಿತು. ಅವರು "ಇವರದಿರಬೇಕು" ಎಂದರು. ಮೂರನೆಯವರು "ನಮ್ಮದೇ ಇರಬಹುದು, ಕಡತ ನೋಡಿ ಹೇಳುತ್ತೇವೆ, ಅಲ್ಲಿಯವರೆಗೆ ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ" ಎಂದರು.

ಅದೇ ಸಂಜೆ ನಾನು ನೆಟ್ಟ ಎ ಗೂಟದ ಕೆಳಗೆ ಒಂದು ಫಲಕ ಬಂತು: ಸರ್ಕಾರಿ ಗುರುತು, ಮುಟ್ಟಬಾರದು, ಜನ ಮತ್ತು ಜಾನುವಾರು ಒಳಗೆ ಪ್ರವೇಶಿಸಬಾರದು.

ಸ್ಪರ್ಧೆಗೆ ಒಂಬತ್ತು ದಿನ ಉಳಿದಿತ್ತು. ನಾನು ಓಡಿಹೋಗಿ ವಿನೋದರ ಎದುರು ನಿಂತೆ.

"ಸರ್, ಅವು ನನ್ನ ಗೂಟ."

"ನಿನ್ನದು ಅನ್ನೋದಕ್ಕೆ ದಾಖಲೆ ಇದೆಯೇನಪ್ಪ?"

"ಕುದುರೆ ಇದೆ ಸರ್."

"ಕುದುರೆ ದಾಖಲೆಯಲ್ಲ."

"ಪೇಂಟ್ ನಾನೇ ಹಚ್ಚಿದ್ದು, ಕೈಯಲ್ಲಿ ಇನ್ನೂ ಕೆಂಪು ಇದೆ ನೋಡಿ."

ಅವರು ನನ್ನ ಕೈ ನೋಡಿದರು. ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು. "ಬೇಕಾದ್ರೆ ಬರೆದುಕೊಡು. ಗೂಟ ನಂದು, ಸರ್ಕಾರಿ ಸರ್ವೆ ಅಂತ ಜನ ನಂಬೋ ಹಾಗೆ ಮಾಡಿದ್ದೂ ನಾನೇ ಅಂತ. ಕೇಸ್ ಆಗ್ತದೆ. ಚಾದಂಗಡಿಯಲ್ಲಿ ನೀನು ಇಲಾಖೆ ಹೆಸರಲ್ಲಿ ಬನ್ಸ್ ತಿಂದದ್ದಕ್ಕೆ ಸಾಕ್ಷಿ ಇದೆ. ಇಲ್ಲಾಂದ್ರೆ ಸುಮ್ಮನಿರು. ಕಡತ ಬಂದ ಮೇಲೆ ನೋಡುವ."

ಜೈಲಿಗೆ ಹೋದರೆ ಗುಲಾಬಿಯ ಮೇಲೆ ಕೂರುವವರು ಯಾರು? ಸುಮ್ಮನಾದೆ. ಒಂಬತ್ತು ದಿನ ಕೊಟ್ಟಿಗೆಯ ಎದುರಿನ ಅಂಗಳದಲ್ಲಿ ಅವಳನ್ನು ನಿಲ್ಲಿಸಿಕೊಂಡು ನಿಂತೆ. ಆರು ಹೆಜ್ಜೆ ಹೋದರೆ ಬಚ್ಚಲು, ಆರು ಹೆಜ್ಜೆ ಬಂದರೆ ಗೊಬ್ಬರಗುಂಡಿ. ನಿಲ್ಲುವುದನ್ನು ಬಿಟ್ಟು ಬೇರೇನನ್ನೂ ಕಲಿಸಲಿಕ್ಕೆ ಜಾಗವಿರಲಿಲ್ಲ. ಆಯಿ ಸೀತೆ ಬಾಗಿಲಲ್ಲಿ ನಿಂತು ನೋಡಿ, "ಮಗಾ, ಗೆಲ್ಲೂಕೆ ನಿಂತದ್ದೋ, ನಿಂತದ್ದೇ ಗೆದ್ದದ್ದೋ?" ಎಂದಳು. ಅವಳು ತಮಾಷೆಗೆ ಹೇಳಿದ್ದಲ್ಲ. ಆ ವಾರ ನಮ್ಮ ಮನೆಯಲ್ಲಿ ಯಾರೂ ತಮಾಷೆ ಮಾಡುವ ಸ್ಥಿತಿಯಲ್ಲಿರಲಿಲ್ಲ. ಕೇರಿಯವರು ಅಪ್ಪನನ್ನು ಸೊಸೈಟಿಯ ಸಾಲಿನಲ್ಲೂ ಮಾತಾಡಿಸುವುದು ಬಿಟ್ಟಿದ್ದರು.

ಸ್ಪರ್ಧೆಯ ದಿನ ಕುದುರೆಯನ್ನು ಭಟ್ಕಳಕ್ಕೆ ಒಯ್ಯಲಿಕ್ಕೆ ಸಿಕ್ಕಿದ್ದು ಮಾಬ್ಲಣ್ಣನ ಮೀನಿನ ಟೆಂಪೋ ಒಂದೇ. ಅವನು ಬಾಡಿಗೆ ಬೇಡ ಎಂದ. ನನಗೆ ಆಗಲೇ ಸಂಶಯ ಬರಬೇಕಿತ್ತು. ಹೊರಡುವ ಹೊತ್ತಿಗೆ ಹೊನ್ನಮ್ಮಜ್ಜಿ ಅವಲಕ್ಕಿ ಗಂಟು ಕಟ್ಟಿಕೊಂಡು ಹತ್ತಿದಳು, ಅವಳ ಹಿಂದೆ ಹದಿನಾಲ್ಕು ಜನ. "ನೀ ಯಾರ ಹತ್ರ ವರದಿ ಕೊಡ್ತೆ ನೋಡುವ" ಎಂದರು. ಅಪ್ಪನೂ ಮುಖ ಗಂಟಿಕ್ಕಿ ಹತ್ತಿದ.

ಕ್ಲಬ್ಬಿನ ಬಾಗಿಲಲ್ಲಿ ಟೆಂಪೋ ನಿಂತಿತು. ಎಲ್ಲರೂ ಇಳಿದರು, ನೋಡಿದರು. ಮರಳಿನ ಅಂಗಳದ ಸುತ್ತ ಎಂಟು ಬಿಳಿ ಹಲಗೆ. ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್.

"ಅಯ್ಯಯ್ಯೋ, ಭಟ್ಕಳಕ್ಕೂ ಬಂದದೆ!" ಎಂದ ಮಾಬ್ಲಣ್ಣ.

ಕುಮಟೆಯಲ್ಲಿ ಒಂದು ತುದಿ, ಭಟ್ಕಳದಲ್ಲಿ ಒಂದು ತುದಿ, ನಡುವೆ ಇಡೀ ಹೊನ್ನಾವರ ತಾಲೂಕು. ಯೋಜನೆಯ ಗಾತ್ರ ಕಂಡು ಹದಿನೈದು ಜನ ಮರಳಿನ ಮೇಲೆ ಕುಸಿದು ಕೂತರು. ಸಿ ಅಕ್ಷರದ ಹಿಂದೆ ಪೆಂಡಾಲಿನ ಕೆಳಗೆ ಮೇಜು, ಮೇಜಿನ ಹಿಂದೆ ಕೋಟು ತೊಟ್ಟ ದೊಡ್ಡ ಮೀಸೆಯ ತೀರ್ಪುಗಾರರು, ಪಕ್ಕದಲ್ಲಿ ಅವರು ಹೇಳಿದ್ದನ್ನು ಬರೆದುಕೊಳ್ಳುವ ಹುಡುಗಿ. ಅವರು ಹೊರಗಿನಿಂದ ಬಂದ ನಿವೃತ್ತ ಕರ್ನಲ್ ಎಂದು ಅನೂಪ ಸರ್ ಹೇಳಿದ್ದರು. ನಮ್ಮವರ ಕಣ್ಣಿಗೆ ಅದು ಭೂಸ್ವಾಧೀನದ ವಿಚಾರಣೆ. ಹಾಗೆ ಕಂಡದ್ದು ಅವರ ತಪ್ಪಲ್ಲ. ಹೆದ್ದಾರಿಯ ವಿಚಾರಣೆಯಲ್ಲಿ ಇದೇ ಮೇಜು, ಇದೇ ಮೀಸೆ, ಇದೇ ಬರೆಯುವ ಹುಡುಗಿ ಇದ್ದರು.

ನನ್ನ ಹೆಸರು ಕರೆದರು. ಬಂಗಡೆಯ ವಾಸನೆಯ ಗುಲಾಬಿಯ ಮೇಲೆ ಕೂತು ಎ ಯಿಂದ ಒಳಗೆ ಹೋದೆ. ನೇರ ಹೋಗಿ ಎಕ್ಸಿನಲ್ಲಿ ನಿಲ್ಲಿಸಿದೆ, ತಲೆ ಬಾಗಿಸಿ ನಮಸ್ಕಾರ ಮಾಡಿದೆ. ನಮಸ್ಕಾರ ಮಾಡಿದ್ದೇ ತಡ, ನಮ್ಮವರು ಹಗ್ಗ ದಾಟಿ ಒಳಗೆ ಬಂದರು. ನಾನು ತಲೆ ಬಾಗಿಸಿದ್ದು ಊರಿನ ಪರವಾಗಿ ಎಂದು ಅವರು ತಿಳಿದರಂತೆ.

ಹೊನ್ನಮ್ಮಜ್ಜಿ ಸೀದಾ ಮೇಜಿನ ಎದುರು ಹೋಗಿ ಕೈ ಮುಗಿದಳು. "ಒಡೆಯಾ, ಒಂದು ಮನೆ ಕೊಟ್ಟಾತು. ಎರಡ್ನೇದನ್ನ ಬಿಡಿ. ಈ ಪ್ರಾಯದಲ್ಲಿ ಮೂರನೇ ಬಾವಿ ತೋಡೂಕೆ ನನ್ನ ಹತ್ರ ಆಗೂದಿಲ್ಲ."

ಮಾಬ್ಲಣ್ಣ ಹಿಂದಿನಿಂದ, "ಒಡೆಯಾ, ನನ್ನ ಜವುಗು ಮಾತ್ರ ತಕಳ್ಳಿ! ಪೂರ್ತಿ ತಕಳ್ಳಿ!" ಎಂದ.

ಕರ್ನಲ್‌ಗೆ ಕನ್ನಡದ ಎರಡೇ ಮಾತು ಬರುತ್ತಿತ್ತು. ಅಳುವ ಮುದುಕಿಯನ್ನು ಕಂಡು ಅವರು ಎದ್ದು ನಿಂತು ಅವೆರಡನ್ನೂ ಆಡಿಬಿಟ್ಟರು. "ಆಯ್ತಮ್ಮ. ಆಯ್ತು."

"ಆತಂಬ್ರು! ಒಡೆಯರು ಆತಂಬ್ರು! ಬರ್ಕಳ್ಳಿ ಮತ್ತೆ!" ಎಂದು ಎಲ್ಲರೂ ಬರೆಯುವ ಹುಡುಗಿಯನ್ನು ಮುತ್ತಿದರು. ಅವಳು ಹೆದರಿ ಏನೋ ಬರೆದಳು. ಅನೂಪ ಸರ್ ಓಡಿ ಬಂದರು, ಕಾವಲುಗಾರ ಓಡಿ ಬಂದ, ಯಾರೋ ಸೀಟಿ ಊದಿದರು. ಅಪ್ಪ ಅಂಗಳದ ಹೊರಗೆ ನಿಂತು ತಲೆ ಮೇಲೆ ಟವೆಲ್ಲು ಹಾಕಿಕೊಂಡ.

ಇಷ್ಟೆಲ್ಲ ಆಗುವಾಗ ಗುಲಾಬಿ ಏನು ಮಾಡಿದಳು? ನಿಂತಳು. ಹನ್ನೊಂದು ನಿಮಿಷ ನಾಲ್ಕೂ ಕಾಲು ಚೌಕಾಕಾರ ಊರಿ, ಕುತ್ತಿಗೆ ಬಾಗಿಸಿ, ಕಿವಿ ಅಲ್ಲಾಡಿಸದೆ ನಿಂತಳು. ಅವಳ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು. ಎಕ್ಸಿಗೆ ಬಂದರೆ ಹೊನ್ನಮ್ಮಜ್ಜಿ ಅಳಬೇಕು, ಮಾಬ್ಲಣ್ಣ ಕೂಗಬೇಕು. ಎರಡೂ ಆಗುತ್ತಿತ್ತಲ್ಲ!

ನಮ್ಮವರನ್ನು ಹೊರಗೆ ಹಾಕಿದ ಮೇಲೆ ಉಳಿದ ಪರೀಕ್ಷೆ ನಡೆಯಿತು. ದುಂಡಗೆ ಸುತ್ತಬೇಕಾದಲ್ಲಿ ಗುಲಾಬಿ ಹಲಸಿನ ಕಾಯಿ ಬರೆದಳು. ಬಲಕ್ಕೆ ತಿರುಗಬೇಕಾದಲ್ಲಿ ಒಂದು ಗಳಿಗೆ ಯೋಚನೆ ಮಾಡಿ, ನನ್ನ ಮರ್ಯಾದೆಗೆಂಬಂತೆ ತಿರುಗಿದಳು. ಕೊನೆಗೆ ಮತ್ತೆ ಎಕ್ಸಿನಲ್ಲಿ ನಿಂತಳು.

ಕರ್ನಲ್ ಮೀಸೆ ತಿರುವಿ ಹೇಳಿದ್ದನ್ನು ಅನೂಪ ಸರ್ ಕನ್ನಡದಲ್ಲಿ ತಿಳಿಸಿದರು: ಜನ ಒಳಗೆ ನುಗ್ಗಿದ್ದಕ್ಕೆ ಹೊರಗೆ ಹಾಕಬೇಕಿತ್ತು, ಆದರೆ ಇದು ಹವ್ಯಾಸಿಗಳ ಸ್ಪರ್ಧೆ, ಪ್ರೇಕ್ಷಕರೂ ಹವ್ಯಾಸಿಗಳೇ. ಪ್ರತಿ ಸುತ್ತಿಗೂ ಹತ್ತಕ್ಕೆ ನಾಲ್ಕು, ಪ್ರತಿ ತಿರುವಿಗೂ ನಾಲ್ಕು. ನಿಂತದ್ದಕ್ಕೆ ಎರಡು ಸಲವೂ ಹತ್ತಕ್ಕೆ ಹತ್ತು. ಇಂಥ ಎಳೆಯ ಕುದುರೆ ಹೀಗೆ ನಿಂತದ್ದನ್ನು ಅವರು ಸೈನ್ಯದಲ್ಲೂ ಕಂಡಿಲ್ಲ. ಒಟ್ಟು ನೂರಕ್ಕೆ ಐವತ್ತೂವರೆ.

ಐವತ್ತೂವರೆ! ನಾನು ಇಳಿದು ಗುಲಾಬಿಯ ಮುಖವನ್ನು ಅಪ್ಪಿಕೊಂಡೆ. ಶಾಲೆಯಲ್ಲೂ ನನಗೆ ಇಷ್ಟು ಬಂದಿರಲಿಲ್ಲ.

ಅನೂಪ ಸರ್ ನನ್ನನ್ನು ಲಾಯದ ಹತ್ತಿರ ಕರೆದೊಯ್ದರು. ಗಾಳಿಯಾಡುವ ದೊಡ್ಡ ಕೋಣೆ, ಒಣಹುಲ್ಲಿನ ಹಾಸು, ಬಕೆಟ್ಟಿನಲ್ಲಿ ನೆನೆದ ಕಡಲೆ. ಗುಲಾಬಿ ನನ್ನನ್ನು ಕೇಳದೆ ಒಳಗೆ ಹೋಗಿ ಬಕೆಟ್ಟಿಗೆ ಬಾಯಿ ಹಾಕಿದಳು.

"ನಿತೇಶ, ನಿನ್ನ ಕೆಲಸದ ವಿಚಾರ..." ಎಂದು ಸರ್ ಬಕೆಟ್ ಕಡೆಗೇ ನೋಡುತ್ತ ಹೇಳಿದರು. "ನಿನ್ನೆ ದುಬೈಯಿಂದ ಹೊಸ ನಿಯಮ ಬಂದಿದೆ. ವಿಮೆಯವರು ಕೇಳ್ತಾರಂತೆ. ಕುದುರೆ ಜೊತೆ ಕೆಲಸ ಮಾಡೋರೆಲ್ಲ ಹತ್ತನೇ ಕ್ಲಾಸ್ ಪಾಸಾಗಿರಬೇಕು. ಮಾರ್ಕ್ಸ್ ಕಾರ್ಡ್ ಇದೆಯಾ?"

"ಗುಲಾಬಿ ಎಷ್ಟನೇ ಪಾಸು ಸರ್?"

ಅವರು ನಗಲಿಲ್ಲ. ಒಳ್ಳೆಯ ಮನುಷ್ಯ, ಅದೇ ನನ್ನ ಸಿಟ್ಟು. ಕೆಟ್ಟವನಾಗಿದ್ದರೆ ಎರಡು ಬಾರಿಸಿ ಬರಬಹುದಿತ್ತು. "ಕುದುರೇನ ವಾಪಸ್ ಕರ್ಕೊಂಡು ಹೋಗೋದಾದ್ರೆ ನಾನು ತಡೆಯಲ್ಲ. ನಿಂದೇ ಅದು" ಎಂದರು.

ವಾಪಸ್ ಎಂದರೆ ಹಿತ್ಲಕೇರಿ. ಹಿತ್ಲಕೇರಿ ಎಂದರೆ ನಾಳೆ ಬೆಳಿಗ್ಗೆ ಬ್ಯಾಂಡಿನವ. ಗುಲಾಬಿ ಕಡಲೆ ಅಗಿಯುತ್ತಿದ್ದಳು. ನಾನು ಅವಳ ಬಾಯಿಯ ಕಬ್ಬಿಣ ಬಿಚ್ಚಿದೆ, ತಡಿ ಇಳಿಸಿದೆ, ಬೆನ್ನು ಒರೆಸಿದೆ, ಬಾಗಿಲ ಚಿಲಕ ಹಾಕಿದೆ. ಕುದುರೆ ಬಿಟ್ಟುಕೊಡುವ ಕಾಗದವನ್ನು ಸರ್ ಮುಂದಿಟ್ಟಾಗ, ಹೆಬ್ಬೆಟ್ಟು ಒತ್ತಲೇ ಎಂದು ಬೇಕೆಂದೇ ಕೇಳಿದೆ. ಸಹಿಯೇ ಸಾಕು ಎಂದರು.

ಟೆಂಪೋ ಹತ್ತಿರ ನಾನೊಬ್ಬನೇ ಬರುವುದನ್ನು ಕಂಡು ಎಲ್ಲರೂ ಸುತ್ತ ನೆರೆದರು.

"ಕುದ್ರೆ?" ಎಂದ ಮಾಬ್ಲಣ್ಣ.

"ತಕಂಡ್ರು."

"ತಕಂಡೇಬಿಟ್ರಾ! ನೋಟೀಸೂ ಇಲ್ದೆ?"

"ಇಲ್ಲ."

"ನಿಂಗೆ ಕೆಲ್ಸ ಕೊಡ್ತೆ ಅಂದಿದ್ರಲಾ?"

"ಅದೂ ಇಲ್ಲ."

ಅವರಿಗೆ ಎಲ್ಲ ಅರ್ಥವಾಯಿತು. ಇಪ್ಪತ್ತೊಂದು ದಿನ ನಾನು ಬಾಯಿ ಬಡಿದುಕೊಂಡು ಹೇಳಿದ ಒಂದು ನಿಜವೂ ತಲೆಗೆ ಹೋಗದವರಿಗೆ ಇದು ಮಾತ್ರ ಚಣದಲ್ಲಿ ಹೋಯಿತು. ಭೂಮಿ ಕೊಟ್ಟವರಿಗೆ ಕೆಲಸ ಎಂದು ಹೆದ್ದಾರಿಯಲ್ಲೂ ಹೇಳಿದ್ದರಲ್ಲ. ಯೋಜನೆಯವರು ನಾರಾಯಣನ ಮಗನನ್ನೂ ಬಿಡಲಿಲ್ಲ, ಮೊದಲು ಅವನದ್ದನ್ನೇ ಕಸಿದರು. ಹಾಗಾದರೆ ಈ ಹುಡುಗ ಅವರ ಕಡೆಯವನಲ್ಲ, ನಮ್ಮ ಕಡೆಯವನೇ. ಗಜನಿಯಲ್ಲಿ ನನ್ನನ್ನು ಬೇವರ್ಸಿ ಎಂದವನೇ ಕೈ ಹಿಡಿದು ಟೆಂಪೋಗೆ ಹತ್ತಿಸಿದ. ಅಪ್ಪ ಫೋನು ತೆಗೆದು ಹುಬ್ಬಳ್ಳಿಗೆ ಹೇಳಿದ: "ನಾಳೆ ಬರೂದು ಬೇಡ. ಕುದ್ರೆ ಸರ್ಕಾರಕ್ಕೆ ಹೋತು." ಹೇಳುವಾಗ ಅವನ ದನಿಯಲ್ಲಿ ಏನೋ ಒಂದು ಗತ್ತಿತ್ತು. ನನ್ನ ಬಗ್ಗೆ ಅವನು ಹಾಗೆ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ.

ಶರಾವತಿ ಸೇತುವೆ ಬರುವ ಹೊತ್ತಿಗೆ ಎಲ್ಲರ ಎದೆ ಹಗುರಾಗಿತ್ತು. ಒಡೆಯರು ಆಯ್ತು ಎಂದಿದ್ದಾರೆ, ಹುಡುಗಿ ಬರೆದುಕೊಂಡಿದ್ದಾಳೆ, ಹೊನ್ನಮ್ಮಜ್ಜಿಯ ಮನೆ ಉಳಿಯಿತು, ಮಾಬ್ಲಣ್ಣನ ಜವುಗು ಹೋಗುತ್ತದೆ. ಯಾರೋ ಹಾಡು ಶುರುಮಾಡಿದರು. ಹಿಂದೆ ಗುಲಾಬಿ ನಿಂತಿದ್ದ ಜಾಗ ಖಾಲಿ ಇತ್ತು. ಇಷ್ಟೊಂದು ನೂಕುನುಗ್ಗಲಿದ್ದರೂ ಅಲ್ಲಿ ಯಾರೂ ಕೂರಲಿಲ್ಲ.

ಹೊನ್ನಮ್ಮಜ್ಜಿ ಅವಲಕ್ಕಿ ಗಂಟು ಬಿಚ್ಚಿ ಮೊದಲ ಮುಷ್ಟಿ ನನ್ನ ಕೈಗೆ ಹಾಕಿದಳು.

"ತಿನ್ನು ತಮಾ. ಊರೆಲ್ಲ ಉಳೀತು, ನಿಂದೊಂದೇ ಹೋತು. ಮೊದ್ಲ ಮನೆ ಹೋದಾಗ ನಂಗೂ ಹೀಂಗೇ ಆಗಿತ್ತು, ನಾಲ್ಕು ದಿನ ಗಂಟಲಲ್ಲಿ ಇಳೀಲಿಲ್ಲ. ಆಮೇಲೆ ಇಳೀತದೆ."

ಕೈಯಲ್ಲಿ ಕೆಂಪು ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. ಅದೇ ಕೈಯಲ್ಲಿ ತಿಂದೆ. ಇಳಿಯಲಿಲ್ಲ.